ತಲೆಗೆ ಸುರಿದ ಹಣ

ಡಿಸೆಂಬರ್ ತಿಂಗಳ ಕೊನೆಯ ಭಾನುವಾರ. ಹಾಸನದಂಥ ಯಾವುದೇ ಊರಿನಲ್ಲಿ ಕಾಣಸಿಗುವ ಒಂದು ಮನೆ. ತಂದೆ ಬಸ್ ನಿಲ್ದಾಣದ ಬಳಿ ಹೊಲಿಗೆ ಅಂಗಡಿ ಇಟ್ಟವರು. ತಾಯಿ ಖರ್ಚಿನ ಪುಸ್ತಕ ತೆರೆದು ಕೂತಿದ್ದರು. ಹಾಲು, ಗ್ಯಾಸು, ಕರೆಂಟ್ ಬಿಲ್ಲು, ಟ್ಯೂಷನ್ ಫೀಜು ಎಲ್ಲವೂ ಲೆಕ್ಕಕ್ಕೆ ಸಿಕ್ಕಿದ್ದವು. ಆದರೆ ಬಚ್ಚಲುಮನೆಯ ಗೂಡಿನಲ್ಲಿ ಸಾಲಾಗಿ ನಿಂತಿದ್ದ ನಾಲ್ಕು ಸೀಸೆಗಳು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಈರುಳ್ಳಿ ಶಾಂಪೂ 399 ರೂಪಾಯಿ, ಅದರ ಜೋಡಿ ಕಂಡೀಷನರ್ 349, ಗಿಡಮೂಲಿಕೆ ಎಣ್ಣೆ 449, ರೋಸ್‌ಮೇರಿ ಸೀರಂ 599. ಒಟ್ಟು 1,796 ರೂಪಾಯಿ. ಇವು ಬರುವುದು ಎರಡು ತಿಂಗಳಿಗೆ. ಹೀಗೇ ಕೊಳ್ಳುತ್ತ ಹೋದರೆ ವರ್ಷಕ್ಕೆ 10,776 ರೂಪಾಯಿ!

"ಎಲ್ಲಾ ನ್ಯಾಚುರಲ್ ಅಮ್ಮ, ಕೆಮಿಕಲ್ ಏನೂ ಇಲ್ಲ" ಎಂದಳು ಪ್ರಥಮ ಪಿಯುಸಿ ಓದುವ ಮಗಳು.

"ಅದಿರಲಿ, ದುಡ್ಡು ಎಲ್ಲಿಂದ ಬಂತು?"

ಮಗಳು ತಲೆ ತಗ್ಗಿಸಿದಳು. ಕಾಲೇಜಿನ ಕ್ಯಾಂಟೀನಿನಲ್ಲಿ ಊಟ ಮಾಡಲೆಂದು ಅಪ್ಪ ದಿನವೂ 40 ರೂಪಾಯಿ ಕೊಡುತ್ತಿದ್ದರು. ನಲವತ್ತೈದು ದಿನ ಆಕೆ ಊಟ ಮಾಡಿರಲಿಲ್ಲ. ಜುಲೈಯಲ್ಲಿ ಡೆಂಗಿ ಜ್ವರ ಬಂದು ಹೋಗಿತ್ತು. ಅಕ್ಟೋಬರ್ ಹೊತ್ತಿಗೆ ಬಾಚಣಿಗೆಯ ತುಂಬ ಕೂದಲು. ಜಡೆ ಅರ್ಧವಾಯಿತೆಂಬ ಭಯ. ಮೊಬೈಲ್ ಫೋನಿನಲ್ಲಿ ಕಂಡ ಜಾಹೀರಾತುಗಳು ಆ ಭಯಕ್ಕೆ ಮದ್ದು ತೋರಿಸಿದ್ದವು.

ಇಂಥ ಮನೆಗಳು ಈಗ ಅನೇಕ. ಗಂಡುಮಕ್ಕಳೂ ಇದಕ್ಕೆ ಹೊರತಲ್ಲ. ಬೈಗುಳದಿಂದ ಈ ಖರ್ಚು ನಿಲ್ಲುವುದಿಲ್ಲ. ಕೂದಲೆಂದರೆ ಏನು, ಅದಕ್ಕೆ ಹೊರಗಿನಿಂದ ಏನು ಮಾಡಲು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದು ತಿಳಿದರೆ ಅರ್ಧ ಖರ್ಚು ತಾನಾಗಿಯೇ ಕಡಿಮೆಯಾಗುತ್ತದೆ.

ಕೂದಲಿಗೆ ಹಸಿವಿಲ್ಲ

ನಮ್ಮ ಕಣ್ಣಿಗೆ ಕಾಣುವ ಕೂದಲಿಗೆ ಜೀವವಿಲ್ಲ. ಕತ್ತರಿಸಿದರೆ ನೋವಾಗದಿರುವುದೇ ಅದಕ್ಕೆ ಸಾಕ್ಷಿ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಉಗುರೂ ಅದೇ ವಸ್ತು. ಜೀವವಿರುವುದು ಚರ್ಮದೊಳಗೆ ಹುದುಗಿರುವ ಬೇರಿನಲ್ಲಿ. ಅಲ್ಲಿ ಹೊಸ ಜೀವಕೋಶಗಳು ಹುಟ್ಟಿ, ಕೆರಾಟಿನ್ ತುಂಬಿಕೊಂಡು, ಸತ್ತು, ಎಳೆಯಾಗಿ ಮೇಲೆ ಬರುತ್ತವೆ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳವಣಿಗೆ. ಈ ಕೆಲಸಕ್ಕೆ ಬೇಕಾದ ಪ್ರೋಟೀನು, ಕಬ್ಬಿಣ, ಸತು ಎಲ್ಲವೂ ಬೇರಿಗೆ ತಲಪುವುದು ರಕ್ತದ ಮೂಲಕ. ಅಂದರೆ ಊಟದ ತಟ್ಟೆಯಿಂದ. ಆದ್ದರಿಂದ 'ಕೂದಲಿಗೆ ಪೋಷಣೆ' ಎಂದು ಸೀಸೆಯ ಮೇಲೆ ಬರೆದಿದ್ದರೆ ಅದು ಮಾತಿನ ಅಲಂಕಾರವೇ ಹೊರತು ಜೀವಶಾಸ್ತ್ರವಲ್ಲ.

ಕೂದಲು ಉದುರುವುದೂ ರೋಗವಲ್ಲ. ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಉದುರಿಹೋಗುತ್ತದೆ. ಅದೇ ಕುಳಿಯಲ್ಲಿ ಹೊಸದು ಹುಟ್ಟುತ್ತದೆ. ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಬಹುದು. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿದ್ದು, ಅದರಲ್ಲಿ ನೂರಕ್ಕೆ ಹತ್ತು ವಿಶ್ರಾಂತಿಯಲ್ಲಿವೆ ಎಂದಿಟ್ಟುಕೊಂಡರೆ 10,000 ಆಯಿತು. ಅವು ನೂರು ದಿನಗಳಲ್ಲಿ ಉದುರಬೇಕಾದರೆ ದಿನಕ್ಕೆ ನೂರು! ವೈದ್ಯರು ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಎನ್ನುವುದರ ಹಿಂದಿರುವ ಲೆಕ್ಕ ಇದೇ.

ಜೋರು ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಉಪವಾಸ, ತೀವ್ರ ಮನೋವ್ಯಥೆ ಇವುಗಳಿಂದ ದೇಹಕ್ಕೆ ಆಘಾತವಾದಾಗ ಬಹಳಷ್ಟು ಕೂದಲುಗಳು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತವೆ. ಜುಲೈ ತಿಂಗಳ ಜ್ವರದ ಫಲ ಅಕ್ಟೋಬರಿನಲ್ಲಿ ಕಂಡದ್ದು ಹೀಗೆ. ಸಾಮಾನ್ಯವಾಗಿ ಆರು ತಿಂಗಳೊಳಗೆ ಇದು ತಾನಾಗಿಯೇ ಹತೋಟಿಗೆ ಬರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಅವಧಿಯಲ್ಲಿ ಯಾವ ಎಣ್ಣೆ ಹಚ್ಚಿದ್ದರೂ ಕೀರ್ತಿ ಆ ಎಣ್ಣೆಗೇ ಸಲ್ಲುತ್ತದೆ. 'ಹಚ್ಚಿದೆ, ನಿಂತಿತು' ಎಂಬ ಸಾಕ್ಷಿಗಳು ಹುಟ್ಟುವುದು ಬಹುಮಟ್ಟಿಗೆ ಹೀಗೆಯೇ.

ಸೀಸೆಯ ಬೆನ್ನು ಓದುವುದು

ಸೀಸೆಯ ಮುಂಭಾಗ ಜಾಹೀರಾತು, ಬೆನ್ನು ವಿಜ್ಞಾನ. 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಒಳಗಿರುವ ವಸ್ತುಗಳ ಪಟ್ಟಿಯನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕು. ಶೇಕಡಾ ಒಂದು ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಹೇಗೆ ಬೇಕಾದರೂ ಜೋಡಿಸಬಹುದು. ಮೊದಲನೆಯದು ಸಾಮಾನ್ಯವಾಗಿ 'ಆಕ್ವಾ', ಅಂದರೆ ನೀರು. ನಂತರ ಕೊಳೆ ತೆಗೆಯುವ ವಸ್ತುಗಳು. ಕೆಳಗಡೆ ಎಲ್ಲೋ 'ಫಿನಾಕ್ಸಿಎಥೆನಾಲ್' ಎಂಬ ಹೆಸರಿರುತ್ತದೆ. ಇದು ಕೆಡದಂತೆ ಕಾಪಾಡುವ ವಸ್ತು. ಶೇಕಡಾ ಒಂದಕ್ಕಿಂತ ಹೆಚ್ಚು ಬಳಸುವಂತಿಲ್ಲ. ಅಂದಮೇಲೆ ಪಟ್ಟಿಯಲ್ಲಿ ಅದರ ನಂತರ ಬರುವ ಯಾವುದೂ ಶೇಕಡಾ ಒಂದನ್ನು ಮೀರಿರುವುದಿಲ್ಲ. ಮುಂಭಾಗದಲ್ಲಿ ದೊಡ್ಡ ಚಿತ್ರವಾಗಿ ನಿಂತ ಈರುಳ್ಳಿ ಈ ಗುರುತಿನ ಕೆಳಗಿದ್ದರೆ, 200 ಮಿಲಿಲೀಟರ್ ಸೀಸೆಯಲ್ಲಿ ಅದರ ಸಾರ ಹೆಚ್ಚೆಂದರೆ 2 ಮಿಲಿಲೀಟರ್. ಅರ್ಧ ಚಮಚವೂ ಅಲ್ಲ!

ಆಯುರ್ವೇದ ಪರವಾನಗಿಯಡಿ ತಯಾರಾದ ಎಣ್ಣೆಯಾದರೆ ಪ್ರತಿ ಮೂಲಿಕೆಯ ಪ್ರಮಾಣವನ್ನೂ ಲೇಬಲ್ಲಿನಲ್ಲಿ ಹೇಳಬೇಕು. ಇನ್ನೊಂದು ಸಂಗತಿ. 1945ರ ಔಷಧ ನಿಯಮಗಳಲ್ಲಿ 'ಶೆಡ್ಯೂಲ್ ಜೆ' ಎಂಬ ಪಟ್ಟಿಯಿದೆ. ಗುಣಪಡಿಸುತ್ತೇವೆಂದು ಔಷಧದ ಹೆಸರಿನಲ್ಲಿ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿ ಅದು. ಬೊಕ್ಕತಲೆ, ಹೊಸ ಕೂದಲು ಬೆಳೆಸುವುದು, ಬಾಲನೆರೆ ಮೂರೂ ಅದರಲ್ಲಿವೆ. ಕೂದಲಿನ ಆಸೆ ತೋರಿಸಿ ಹಣ ಕೀಳುವುದು ಎಷ್ಟು ಹಳೆಯ ಉದ್ಯೋಗ ಎಂಬುದಕ್ಕೆ ಬೇರೆ ಪುರಾವೆ ಬೇಡ.

'ಕೆಮಿಕಲ್ ಇಲ್ಲ' ಎಂಬ ಮಾತಂತೂ ಎಂಟನೆಯ ತರಗತಿಯ ಪರೀಕ್ಷೆಯಲ್ಲೂ ಪಾಸಾಗದು. ನೀರೂ ರಾಸಾಯನಿಕ, ನಿಂಬೆಯ ಹುಳಿಯೂ ರಾಸಾಯನಿಕ. ಗಿಡದಿಂದ ಬಂದದ್ದೆಲ್ಲ ಸೌಮ್ಯವೂ ಅಲ್ಲ. ಅಂಟುವಾಳದ ನೀರು ಕಣ್ಣಿಗೆ ಬಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಗಿಡಗಳಿಂದ ತೆಗೆದ ಸುಗಂಧ ತೈಲಗಳು ಕೆಲವರ ಚರ್ಮಕ್ಕೆ ಅಲರ್ಜಿ ಉಂಟುಮಾಡುತ್ತವೆ.

ಅಡುಗೆಮನೆಯಲ್ಲಿರುವ ರಸಾಯನಶಾಸ್ತ್ರ

ಹಾಗಾದರೆ ತಲೆಗೆ ಏನೂ ಹಚ್ಚಬೇಡವೇ? ಹಾಗಲ್ಲ. ಹೊರಗಿನಿಂದ ಮೂರು ಕೆಲಸ ಮಾಡಬಹುದು: ಕೊಳೆ ತೆಗೆಯುವುದು, ನುಣುಪು ಕೊಡುವುದು, ಎಳೆ ಮುರಿಯದಂತೆ ಕಾಪಾಡುವುದು. ಈ ಮೂರಕ್ಕೂ ದುಬಾರಿ ಸಾಮಾನು ಬೇಕಾಗಿಲ್ಲ.

ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸ್ಯಾಪೊನಿನ್ ಎಂಬ ವಸ್ತುವಿದೆ. ಅದರ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಹಿಡಿಯುತ್ತದೆ. ಸಾಬೂನು ಜಿಡ್ಡು ತೆಗೆಯುವುದೂ ಇದೇ ತತ್ವದಿಂದ. ವ್ಯತ್ಯಾಸವೆಂದರೆ ಸಾಬೂನು ಕ್ಷಾರ. ಕೊಳವೆಬಾವಿಯ ಗಡಸು ನೀರಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ, ಕೂದಲಿಗೆ ಅಂಟುವ ಬಿಳಿ ಗಷ್ಟವಾಗುತ್ತದೆ. ಸೀಗೆಯ ನೀರು ತುಸು ಆಮ್ಲೀಯ. ಅಂಥ ಗಷ್ಟ ಕಟ್ಟುವುದಿಲ್ಲ. ನುಣುಪಿಗೆ ದಾಸವಾಳದ ಸೊಪ್ಪಿನ ಲೋಳೆ ಅಥವಾ ನೆನೆಸಿ ರುಬ್ಬಿದ ಮೆಂತ್ಯ ಸಾಕು. ಇವುಗಳನ್ನು ಅಂದಂದಿಗೆ ಬೇಕಾದಷ್ಟೇ ಮಾಡಿಕೊಳ್ಳಬೇಕು. ನೀರು ಸೋಕಿದ ಸೊಪ್ಪಿನ ರಸ ಬೇಗ ಹಳಸುತ್ತದೆ.

ಕೊಬ್ಬರಿ ಎಣ್ಣೆಯ ಬಗ್ಗೆ 2003ರಲ್ಲಿ ಪ್ರಕಟವಾದ ರೇಲೆ ಮತ್ತು ಮೋಹಿಲೆ ಅವರ ಅಧ್ಯಯನ ಪ್ರಸಿದ್ಧವಾದದ್ದು. ಖನಿಜ ತೈಲ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆ ಮೂರನ್ನೂ ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಅಣುಗಳು ನೇರವಾಗಿಯೂ ಚಿಕ್ಕದಾಗಿಯೂ ಇರುವುದರಿಂದ ಎಳೆಯ ಒಳಕ್ಕೆ ಇಳಿಯಬಲ್ಲವು ಎಂಬುದು ಅವರ ವಿವರಣೆ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ತಯಾರಿಸುವ ಕಂಪನಿಯ ಸಂಶೋಧಕರು ಎಂಬುದನ್ನೂ ನೆನಪಿಡಬೇಕು. ಯಾರು ಹೇಳಿದರು ಎಂದು ಕೇಳುವುದೂ ವಿಜ್ಞಾನದ ಪಾಠವೇ. ಆದರೆ ಅವರೂ ಹೇಳಿದ್ದು ಎಳೆ ಕಾಪಾಡುವ ಮಾತು. ಹೊಸ ಕೂದಲು ಹುಟ್ಟಿಸುವ ಮಾತಲ್ಲ.

ಖರ್ಚಿಗೆ ಕಡಿವಾಣ

ಮೊದಲನೆಯದಾಗಿ, ಮನೆಯಲ್ಲಿರುವ ಸೀಸೆ ಮುಗಿಯುವವರೆಗೆ ಹೊಸದು ತರಬಾರದು. ಎಸೆದರೆ ಎರಡು ಸಲ ನಷ್ಟ.

ಎರಡನೆಯದು, ಬೆಲೆಯನ್ನು ಸೀಸೆಯ ಲೆಕ್ಕದಲ್ಲಿ ನೋಡದೆ ಮಿಲಿಲೀಟರ್ ಲೆಕ್ಕದಲ್ಲಿ ನೋಡಬೇಕು. ಒಂದು ಮಿಲಿಲೀಟರಿಗೆ ಅಥವಾ ಒಂದು ಗ್ರಾಮಿಗೆ ಎಷ್ಟು ಎಂಬುದನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬ ನಿಯಮ ಈಗ ಇದೆ. ಕೊಬ್ಬರಿ ಎಣ್ಣೆಯೂ ಇಂದು ಅಗ್ಗವಲ್ಲ, ನಿಜ. ಆದರೆ ವಾರಕ್ಕೆ ಎರಡು ಚಮಚ, ಅಂದರೆ 10 ಮಿಲಿಲೀಟರ್ ಸಾಕು. 52 ವಾರಕ್ಕೆ 520 ಮಿಲಿಲೀಟರ್. ವರ್ಷವಿಡೀ ಬೇಕಾದ್ದು ಅರ್ಧ ಲೀಟರಿಗಿಂತ ತುಸು ಹೆಚ್ಚು.

ಮೂರನೆಯದು, ಒಂದೊಂದು ಕೆಲಸಕ್ಕೆ ಒಂದೇ ವಸ್ತು. ತೊಳೆಯಲು ಒಂದು, ಹಚ್ಚಲು ಒಂದು. ಗ್ರಂಥಿಗೆ ಅಂಗಡಿಗೆ ಹೋಗಿ ಹದಿನೈದು ಬಗೆಯ ಬೇರು, ಪುಡಿ ಕಟ್ಟಿಸಿಕೊಂಡು ಬರುವುದೂ ದುಂದೇ. ಸೀಗೆಕಾಯಿ, ಸ್ವಲ್ಪ ಅಂಟುವಾಳ, ಒಂದು ಹಿಡಿ ಮೆಂತ್ಯ ಒಣಗಿಸಿ, ಬೀಸಿಸಿ, ನುಣ್ಣಗೆ ಜರಡಿ ಹಿಡಿದರೆ ತಿಂಗಳುಗಟ್ಟಲೆ ಬರುತ್ತದೆ. ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯಬೇಕಾದ ವಿದ್ಯಾರ್ಥಿಗೆ ಪುಡಿ ತೊಳೆಯುವಷ್ಟು ಸಮಯವಿಲ್ಲದಿದ್ದರೆ ಸಾಧಾರಣ ಬೆಲೆಯ ಶಾಂಪೂ ಆದರೂ ತಪ್ಪಲ್ಲ.

ನಾಲ್ಕನೆಯದು, ಆಸೆ ಹುಟ್ಟಿದ ದಿನವೇ ಕೊಳ್ಳಬಾರದು. ಬೇಕೆನಿಸಿದ ವಸ್ತುವಿನ ಹೆಸರು, ಬೆಲೆ, ತಾರೀಖನ್ನು ಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟು ಒಂದು ತಿಂಗಳು ಕಾಯಬೇಕು. ಆ ಹಾಳೆಯಲ್ಲಿ ಬಹಳಷ್ಟು ಹೆಸರುಗಳು ಅಲ್ಲಿಯೇ ಉಳಿದುಬಿಡುತ್ತವೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಕೂದಲು ವಿಪರೀತ ಉದುರುತ್ತಿದ್ದರೆ ಮೊದಲ ಖರ್ಚು ರಕ್ತಪರೀಕ್ಷೆಗಿರಲಿ, ಎಣ್ಣೆಗೆ ಬೇಡ. ರಕ್ತಹೀನತೆ, ಥೈರಾಯಿಡ್ ಗ್ರಂಥಿಯ ತೊಂದರೆ ಇವು ಕೂದಲಿನ ಮೂಲಕವೂ ಸೂಚನೆ ಕೊಡುತ್ತವೆ. ತಲೆಯಲ್ಲಿ ದುಂಡಗೆ ಕೂದಲು ಹೋಗಿದ್ದರೆ, ತುರಿಕೆ, ಹುಣ್ಣು ಇದ್ದರೆ, ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮವೈದ್ಯರನ್ನು ಕಾಣಲೇಬೇಕು.

ಊಟದ ತಟ್ಟೆಗೆ ಮರಳಿದ ಹಣ

ಸೋಮವಾರ ತಾಯಿ ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 9.2 ಗ್ರಾಂ. ಈ ವಯಸ್ಸಿನ ಹುಡುಗಿಗೆ 12 ಇರಬೇಕು. ಇದು ಒಬ್ಬಳ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು.

"ಹೈಸ್ಕೂಲಿನಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಿದ್ರಲ್ಲ, ತಗೊಳ್ತಿದ್ಯಾ?" ಎಂದು ಡಾಕ್ಟರು ಕೇಳಿದರು.

"ವಾಕರಿಕೆ ಬರುತ್ತೆ ಅಂತ ಬಿಸಾಕ್ತಿದ್ದೆ ಡಾಕ್ಟರ್."

ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹುರುಳಿಕಾಳು, ನುಗ್ಗೆಸೊಪ್ಪು, ರಾಗಿ, ಮೊಟ್ಟೆ ತಿನ್ನಲು ಹೇಳಿದರು. ಊಟದ ಜೊತೆಗೆ ಕಾಫಿ, ಟೀ ಬೇಡ. ಅವು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ನೆಲ್ಲಿಕಾಯಿ, ಸೀಬೆ, ನಿಂಬೆಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. 449 ರೂಪಾಯಿಯ ಎಣ್ಣೆಯಲ್ಲಿಯೂ ನೆಲ್ಲಿಕಾಯಿಯ ಚಿತ್ರವಿತ್ತು. ಅದು ತಲೆಯ ಮೇಲಿರುವುದಕ್ಕಿಂತ ತಟ್ಟೆಯಲ್ಲಿರುವುದು ಮೇಲು.

ಮನೆಗೆ ಬಂದ ಮೇಲೆ ತಂದೆ ಹೆಚ್ಚು ಮಾತಾಡಲಿಲ್ಲ. "ಜಡೆ ಸಣ್ಣಗಾದ್ರೆ ಮತ್ತೆ ಬರುತ್ತೆ ಪುಟ್ಟಿ. ಊಟ ಬಿಡಬೇಡ" ಎಂದು 40 ರೂಪಾಯಿ ಕೈಗಿಟ್ಟರು. ತಾಯಿ ಖರ್ಚಿನ ಪುಸ್ತಕದಲ್ಲಿ ಹೊಸ ಸಾಲು ಬರೆದರು: ಮಗಳ ಊಟ. ಆ ಸಾಲನ್ನು ಪ್ರತಿ ಸಂಜೆ ತುಂಬುವ ಕೆಲಸ ಮಗಳದೇ ಆಯಿತು.

ಮಾಡಿ ನೋಡಿ

ಅರಿಶಿನದ ನೀರಿನಲ್ಲಿ ಬಿಳಿಯ ಸೋಸುಕಾಗದ ಅದ್ದಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿ. ಒಂದರ ಮೇಲೆ ಬಟ್ಟೆ ಸೋಪಿನ ನೀರು, ಇನ್ನೊಂದರ ಮೇಲೆ ಸೀಗೆಪುಡಿ ನೆನೆಸಿದ ತಿಳಿನೀರು ಹನಿಸಿ. ಸೋಪಿನ ನೀರಿಗೆ ಪಟ್ಟಿ ಕೆಂಪಾಗುತ್ತದೆ. ಅದು ಕ್ಷಾರದ ಗುರುತು. ಸೀಗೆಯ ನೀರಿಗೆ ಕೆಂಪಾಗುವುದಿಲ್ಲ. ಮನೆಯಲ್ಲಿರುವ ದುಬಾರಿ ಶಾಂಪೂ ಮತ್ತು ಅಂಗಡಿಯ ಚಿಕ್ಕ ಸ್ಯಾಷೆಯ ಶಾಂಪೂ ಎರಡನ್ನೂ ನೀರಿಗೆ ಬೆರೆಸಿ ಹೀಗೆಯೇ ಪರೀಕ್ಷಿಸಿ. ಪಟ್ಟಿಗಳನ್ನು ಅಪ್ಪ ಅಮ್ಮನ ಮುಂದಿಟ್ಟು, ಯಾವುದು ಯಾವುದರದು ಎಂದು ಕೇಳಿ.