ನಮ್ಮ ಕಡೆ ವಿಚ್ಛೇದನವಿಲ್ಲವೆಂಬ ಹೆಮ್ಮೆ



ಈಚೆಗೆ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಗೆಂದು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಮಾದಲಿಗೆ ತುಪ್ಪ ಬಡಿಸುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಮಾಸ್ತರ್ರೇ, ಈ ಡೈವೋರ್ಸು ಗೀವೋರ್ಸು ಬೆಂಗಳೂರಿನ ರೋಗರೀ. ನಮ್ಮ ಕಡೆ ಇಲ್ಲ. ಆದ್ರ ಹೆಣ್ಣುಮಕ್ಕಳಿಗೆ ಸಾಲಿ ಕಲಿಸಿ ನಾವs ಅದನ್ನ ಮನಿಗೆ ತರಾಕ ಹತ್ತೀವಿ ನೋಡ್ರಿ" ಎಂದರು. ಸುತ್ತಲಿದ್ದವರು ತಲೆಯಾಡಿಸಿದರು. ಶುಭಕಾರ್ಯದ ಮನೆಯಲ್ಲಿ ವಾದವೇಕೆಂದು ನಾನು ಸುಮ್ಮನಾದೆ. ಆಯುಷ್ಯವೆಲ್ಲ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವನು ಆ ಮಾತಿಗೆ ಸುಮ್ಮನಾಗಬಾರದಿತ್ತು. ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಲೆಕ್ಕದಿಂದಲೇ ಆರಂಭಿಸೋಣ. ವಿಚ್ಛೇದಿತರನ್ನೂ, ವಿಚ್ಛೇದನವಿಲ್ಲದೆ ಬೇರ್ಪಟ್ಟು ಬದುಕುವವರನ್ನೂ 2011ರ ಜನಗಣತಿ ಬೇರೆಬೇರೆಯಾಗಿ ಎಣಿಸಿತು. ಆಗ ಇಡೀ ದೇಶದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ. ವಿವಾಹಿತರ ಸಂಖ್ಯೆಗೆ ಹೋಲಿಸಿದರೆ ಅದು ಶೇಕಡಾ 0.24 ಮಾತ್ರ. ಹಿರಿಯರ ಹೆಮ್ಮೆಗೆ ಇಷ್ಟು ಸಾಕು. ಆದರೆ ಪಕ್ಕದ ಅಂಕಣವನ್ನೂ ಓದಬೇಕು. ಬೇರ್ಪಟ್ಟವರು ಅದರ ಎರಡೂವರೆ ಪಟ್ಟು! ಎರಡರಲ್ಲಿಯೂ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಗಂಡಸು ಮರುಮದುವೆಯಾಗಿ ಆ ಪಟ್ಟಿಯಿಂದ ಹೊರಬೀಳುತ್ತಾನೆ. ಹೆಂಗಸು ಅಲ್ಲಿಯೇ ಉಳಿಯುತ್ತಾಳೆ.

ಈ ಅಂಕಿಗಳನ್ನು ಅಭ್ಯಸಿಸಿ ಸೂರಜ್ ಜೇಕಬ್ ಮತ್ತು ಶ್ರೀಪರ್ಣಾ ಚಟ್ಟೋಪಾಧ್ಯಾಯ 2016ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಹಳ್ಳಿಗೂ ಪಟ್ಟಣಕ್ಕೂ ಈ ವಿಷಯದಲ್ಲಿ ಹೆಚ್ಚಿನ ಅಂತರ ಅವರಿಗೆ ಕಾಣಲಿಲ್ಲ. ಈಶಾನ್ಯ ರಾಜ್ಯಗಳಲ್ಲಿ ಪ್ರಮಾಣ ಹೆಚ್ಚು. ಉತ್ತರ ಪ್ರದೇಶ, ಬಿಹಾರಗಳಲ್ಲಿ ತೀರ ಕಡಿಮೆ. ಅಂಕಿ ಕಡಿಮೆಯಾದಷ್ಟೂ ದಾಂಪತ್ಯ ಸುಖವೆನ್ನುವುದಾದರೆ, ಸ್ತ್ರೀ ಸಾಕ್ಷರತೆಯ ಸಾಲಿನ ತುದಿಯಲ್ಲಿದ್ದ ಬಿಹಾರವೇ ಹೆಣ್ಣಿಗೆ ಸ್ವರ್ಗವಾಗಬೇಕಿತ್ತು. ಅದನ್ನು ಯಾರು ನಂಬುತ್ತಾರೆ?

ಇನ್ನು "ನಮ್ಮ ಕಡೆ ಇಲ್ಲ" ಎಂಬ ಮಾತು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಿಗೆ ಸೋಡಚೀಟಿ ಎಂಬ ಶಬ್ದ ಗೊತ್ತಿಲ್ಲವೇ? ಕೂಡಿ ಬಾಳಲಾಗದಿದ್ದರೆ ದೈವದವರ ಎದುರು ಸೋಡಚೀಟಿಯಾಗುತ್ತಿತ್ತು. ಆ ಹೆಣ್ಣಿಗೆ ಉಡಿಕೆಯ ದಾರಿಯಿತ್ತು. ಉಡಿಕೆಯಾದವಳಿಗೆ ಮೊದಲ ಮದುವೆಯವಳ ಮಾನ ಸಿಗುತ್ತಿರಲಿಲ್ಲ, ನಿಜ. ಆದರೂ ಅವಳಿಗೆ ಎರಡನೆಯ ಬಾಳೊಂದಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ತನ್ನ 29ನೆಯ ಕಲಮಿನಲ್ಲಿ ಇಂಥ ರೂಢಿಗತ ವಿಚ್ಛೇದನವನ್ನು ಉಳಿಸಿತು. ಅದನ್ನು ಕೈಬಿಟ್ಟವರು ನಾವು. ಮೇಲಿನವರೆನಿಸಿಕೊಂಡವರ ಆಚಾರವನ್ನು ಅನುಕರಿಸುವುದಕ್ಕೆ ಎಂ. ಎನ್. ಶ್ರೀನಿವಾಸರು ಸಂಸ್ಕೃತೀಕರಣವೆಂದು ಹೆಸರಿಟ್ಟರು. ಆ ಮೇಲೇರುವ ಭರದಲ್ಲಿ ಅಜ್ಜಿಗಿದ್ದ ಬಾಗಿಲನ್ನು ಮೊಮ್ಮಗಳಿಗೆ ಮುಚ್ಚಿದೆವು. ಕೋರ್ಟಿನ ಬಾಗಿಲಾದರೋ ಅವಳಿಗೆ ಎಟುಕುವಂತಿರಲಿಲ್ಲ. 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವವರೆಗೆ ನಮ್ಮ ಜಿಲ್ಲಾ ಕೇಂದ್ರ ದೂರದ ರಾಯಚೂರು.

ಹೀಗಿರುವಾಗ ಹೆಣ್ಣನ್ನು ಕಟ್ಟಿಹಾಕಿದ್ದು ಸಂಸ್ಕೃತಿಯೋ, ನಿರುಪಾಯವೋ? ಸೋದರಮಾವನಿಗೆ ಕೊಟ್ಟ ಹುಡುಗಿಗೆ ಅತ್ತೆಯೇ ಅಜ್ಜಿ. ಅವಳು ಗಂಡನನ್ನು ಬಿಟ್ಟರೆ ತಾಯಿಯ ತವರೇ ಮುರಿಯುತ್ತದೆ. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಅಣ್ಣತಮ್ಮಂದಿರು ಅರಿಸಿನ ಕುಂಕುಮವಿತ್ತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆದರು. ಸಹಿ ಮಾಡಿದವಳು ಮರಳಿ ಬಂದರೆ ತವರಿನಲ್ಲಿ ಅತಿಥಿ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಿಂದ ಗೋವೆಗೋ ಮಂಗಳೂರಿಗೋ ಗುಳೆ ಹೋದ ಗಂಡ ಹತ್ತು ವರ್ಷ ಮುಖ ತೋರಿಸದಿದ್ದರೂ ಊರ ಲೆಕ್ಕದಲ್ಲಿ ಅವಳು ಗಂಡುಳ್ಳವಳೇ.

ಓದು ಮದುವೆಯನ್ನು ಮುರಿಯುತ್ತದೆಯೇ? ಅಮೆರಿಕದಲ್ಲಿ ಕಾಲೇಜು ಓದಿದವರ ಮದುವೆಗಳು ಓದದವರವಕ್ಕಿಂತ ಕಡಿಮೆ ಮುರಿಯುತ್ತವೆ. ಎಳೆಯ ವಯಸ್ಸಿನ ಮದುವೆಗಳು ಹೆಚ್ಚು ಮುರಿಯುತ್ತವೆ. ನಮ್ಮಲ್ಲಿ ಓದಿದ ಹುಡುಗಿ ಕೋರ್ಟಿನ ಮೆಟ್ಟಿಲೇರುತ್ತಾಳೆಂದರೆ, ಮೊದಲೇ ಮುರಿದುದನ್ನು ಮುರಿದಿದೆಯೆಂದು ಬರೆದುಕೊಡುವ ಧೈರ್ಯ ಅವಳಿಗೆ ಬಂದಿದೆ ಎಂದಷ್ಟೇ ಅರ್ಥ. ಅಮೆರಿಕದ ರಾಜ್ಯಗಳಲ್ಲಿ ವಿಚ್ಛೇದನ ಸುಲಭವಾದ ಮೇಲೆ ಹೆಂಗಸರ ಆತ್ಮಹತ್ಯೆಗಳು ಇಳಿದುವೆಂದು ಸ್ಟೀವನ್‌ಸನ್ ಮತ್ತು ವೋಲ್ಫರ್ಸ್ ಎಂಬ ಅರ್ಥಶಾಸ್ತ್ರಜ್ಞರು 2006ರಲ್ಲಿ ತೋರಿಸಿದರು. ನಮ್ಮೂರ ಹಾಳುಬಾವಿಗಳ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವೊಂದಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಏಳನೆಯ ತರಗತಿ ಮುಗಿಸಿ ಎರಡೇ ವರ್ಷಕ್ಕೆ ಮದುವೆಯಾದಳು. ಮೂರು ಬಾರಿ ಬಾಸುಂಡೆಗಳೊಡನೆ ತವರಿಗೆ ಬಂದಳು. ಮೂರನೆಯ ಸಲ ಹಿರಿಯರು ಪಂಚಾಯಿತಿಗೆ ನನ್ನನ್ನೂ ಕರೆದರು. ನಾನು "ತಾಳಿದವನು ಬಾಳಿಯಾನು, ಹೋಗವ್ವ" ಎಂದೆ. "ನೀವು ಹೇಳೀರಂತ ಹೊಕ್ಕೀನ್ರಿ ಸರ" ಎಂದು ಎದ್ದು ಹೋದಳು. ವರ್ಷದೊಳಗೆ ಗಂಡ ಬೇರೊಬ್ಬಳನ್ನು ತಂದ. ಕೂಸನ್ನೆತ್ತಿಕೊಂಡು ಬಂದವಳು ಇಂದಿಗೂ ಅಣ್ಣನ ಮನೆಯ ಪಡಸಾಲೆಯಲ್ಲಿದ್ದಾಳೆ. ಗಂಗಾವತಿಯ ಗದ್ದೆಗಳಲ್ಲಿ ನಾಟಿ ಹಚ್ಚಿ ಮಗನನ್ನು ಸಾಕಿದ್ದಾಳೆ. ಅವಿವಾಹಿತೆಯರಿಗೂ ವಿಚ್ಛೇದಿತೆಯರಿಗೂ ಸರಕಾರ ಮನಸ್ವಿನಿ ಎಂಬ ಮಾಸಾಶನ ತಂದಾಗ ಅವಳು ನನ್ನ ಬಳಿ ಬಂದಳು. "ಸರ, ಇದ್ರಾಗ ನಾ ಯಾವಾಕಿ?" ಎಂದು ಕೇಳಿದಳು. ವ್ಯಾಕರಣ ಕಲಿಸಿದ ಮಾಸ್ತರನಿಗೆ ಉತ್ತರ ತೋಚಲಿಲ್ಲ.

ಅವಳಿಗೆ ಅಂದು ಹೇಳಬೇಕಾಗಿದ್ದುದನ್ನು ಇಂದು ನಿಮಗೆ ಹೇಳುತ್ತೇನೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಯಾವ ಹೆಂಗಸಿಗಾದರೂ, ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವು ದೊರೆಯಬೇಕು. ಅದಕ್ಕೆ ತಾಲ್ಲೂಕು ಸಮಿತಿಯಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರಿಂದ ಹಿಂದೂ ಕಾಯ್ದೆಯಲ್ಲಿದೆ. ಬಾಂಡ್ ಕಾಗದದ ಮೇಲೆ "ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ" ಎಂದು ಬರೆಯಿಸಿ ಹೆಬ್ಬೆಟ್ಟು ಒತ್ತಿಸುವವರಿದ್ದಾರೆ, ಎಚ್ಚರ! ರೂಢಿಯನ್ನು ಕೋರ್ಟಿನಲ್ಲಿ ಸಾಬೀತುಪಡಿಸದ ಹೊರತು ಆ ಕಾಗದ ವಿಚ್ಛೇದನವಾಗದು. ಆದರೆ ಒಪ್ಪಿ ಬೇರೆಯಾದ ಹೆಂಡತಿಗೆ ಜೀವನಾಂಶವಿಲ್ಲವೆಂದು ವಾದಿಸಲು ಅದೇ ಕಾಗದ ಗಂಡನಿಗೆ ಆಧಾರವಾದೀತು. ಹಳೆಯ ಸಂಹಿತೆಯ 125ನೆಯ ಕಲಮಿನಲ್ಲಿದ್ದ ಈ ನಿಬಂಧನೆ 2024ರ ಜುಲೈನಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ 144ರಲ್ಲಿಯೂ ಇದೆ.

ಮನೆ ಮುರಿಯಲೆಂದು ನಾನು ಬಯಸುವವನಲ್ಲ. ಮಕ್ಕಳ ಸಂಕಟವನ್ನು ತರಗತಿಯ ಕೊನೆಯ ಬೆಂಚಿನಲ್ಲಿ ಕಂಡಿದ್ದೇನೆ. ಆದರೆ ತಂದೆಯ ಹೊಡೆತವನ್ನು ಮನೆಯಲ್ಲಿ ನೋಡಿ ಬಂದ ಮಕ್ಕಳೂ ಅದೇ ಬೆಂಚಿನಲ್ಲಿ ಕುಳಿತಿರುತ್ತಿದ್ದರು.

ನಿಮ್ಮಲ್ಲಿ ಅನೇಕರು ಈಗ ಹೆಣ್ಣು ಹೆತ್ತವರು. ಕೆಲವರು ಪಂಚಾಯಿತಿಗೆ ಕೂರುವ ಹಿರಿಯರು. ಮಗಳು ಬುತ್ತಿಯಿಲ್ಲದೆ, ಕರೆಯಿಲ್ಲದೆ ಬಾಗಿಲಿಗೆ ಬಂದು ನಿಂತ ದಿನ "ಯಾವಾಗ ಹೊಳ್ಳಿ ಹೋಗ್ತಿ?" ಎಂದು ಕೇಳಬೇಡಿರಿ. ಉಣ್ಣಲಿಕ್ಕೆ ಹಾಕಿ, ಅವಳ ಮಾತನ್ನು ಕೊನೆಯವರೆಗೆ ಕೇಳಿರಿ. ಆಮೇಲೆ ಜಿಲ್ಲೆಯ ವಿಚ್ಛೇದನದ ಅಂಕಿ ಒಂದಿಷ್ಟು ಏರಿದರೆ ಏರಲಿ.

ನಿಮ್ಮ ಮಾಸ್ತರ