ಬೇರು ನೋಡದೆ ಔಷಧಿ ಅಂಗಡಿಗೆ ಹೋಗಬೇಡಿ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆದವು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು, ನಿಜ ಅಂದ್ರೆ ಸೋಮಾರಿತನ :) ಆದರೆ ಹೋದ ವಾರ ಊರಿಗೆ ಹೋಗಿ ಬಂದ ಮೇಲೆ ಇದನ್ನು ಬರೆಯದೆ ಇರಲಾಗಲಿಲ್ಲ.

ನಮ್ಮೂರು ಮುಳಬಾಗಿಲು ಕಡೆ. ಚಿಕ್ಕಪ್ಪ ಒಂದೆಕರೆ ಟೊಮೇಟೊ ಹಾಕಿದ್ದರು. ನಾಟಿ ಮಾಡಿ ಒಂದೂವರೆ ತಿಂಗಳಿಗೆ ಗಿಡಗಳು ಮಧ್ಯಾಹ್ನ ಬಾಡೋದು, ಸಂಜೆ ಹೊತ್ತಿಗೆ ಚೇತರಿಸಿಕೊಳ್ಳೋದು ಶುರುವಾಯ್ತು. "ಲೋ, ನಿನ್ನ ಕಂಪ್ಯೂಟರ್‌ನಲ್ಲಿ ನೋಡಿ ಏನಂತ ಹೇಳೋ" ಅಂತ ಫೋನ್ ಮಾಡಿದರು. ನಾನು ಆಫೀಸಿನಲ್ಲಿ ಕೂತು, ಅವರು ಕಳಿಸಿದ ಹಳದಿ ಎಲೆಯ ಫೋಟೋ ನೋಡಿ, "ಗೊಬ್ಬರ ಸಾಲದಾಗಿರಬೇಕು ಚಿಕ್ಕಪ್ಪ" ಅಂದುಬಿಟ್ಟೆ. ಗೊಬ್ಬರ ಕೊಟ್ಟರು. ಆಮೇಲೆ ಅಂಗಡಿಯವನು ಕೊಟ್ಟ ಎರಡು ಔಷಧಿಯನ್ನೂ ಹೊಡೆದರು. ಹೋದ ವಾರ ಒಂದು ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಮಣಿ ಪೋಣಿಸಿದ ಹಾಗೆ ಗಂಟುಗಳು. "ನಿನ್ನ ತಪ್ಪಲ್ಲ ಬಿಡೋ" ಅಂದರು. ಆದರೆ ಕೋಲು, ಡ್ರಿಪ್ಪು ಎಲ್ಲಕ್ಕೂ ಸಾಲ ಮಾಡಿದ್ದು ನನಗೂ ಗೊತ್ತು.

ಇದು ಬೇರುಗಂಟು ಜಂತುಹುಳು. ಮರಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಕಣ್ಣಿಗೆ ಕಾಣಲ್ಲ. ಬೇರಿನೊಳಗೆ ಹೊಕ್ಕು ಅಲ್ಲೇ ನೆಲೆಸಿ, ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತೆ. ಬೆಚ್ಚಗಿನ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು. ಅಂದರೆ ಒಂದು ಟೊಮೇಟೊ ಬೆಳೆ ಮುಗಿಯುವಷ್ಟರಲ್ಲಿ ಮೂರ್ನಾಲ್ಕು ತಲೆಮಾರು!

ನಾವು ಸಾಫ್ಟ್‌ವೇರಿನವರು ಬಗ್ ಬಂದ ಮೇಲೆ ಪ್ಯಾಚ್ ಹಾಕಿ ಅಭ್ಯಾಸ. ಇಲ್ಲಿ ಅದು ನಡೆಯಲ್ಲ. ಬೇರು ಗಂಟಾದ ಮೇಲೆ ಯಾವ ಔಷಧಿಯೂ ಆ ಬೇರನ್ನು ಮತ್ತೆ ಸರಿಮಾಡಲ್ಲ. ಹಿಂದೆ ಎಲ್ಲರೂ ಎರಚುತ್ತಿದ್ದ ಫೋರೇಟ್ ಹರಳು 2020ರ ಕೊನೆಯಿಂದ ದೇಶದಲ್ಲೇ ನಿಷಿದ್ಧ. ಹುಳುವನ್ನು ಹೊಲದಿಂದ ಪೂರ್ತಿ ಓಡಿಸೋದು ಆಗದ ಮಾತು, ನಾಟಿಗೆ ಮುಂಚೆ ಅದರ ಸಂಖ್ಯೆ ತಗ್ಗಿಸೋದಷ್ಟೇ ನಮ್ಮ ಕೈಲಿರೋದು.

ಅದಕ್ಕೆ ದಾರಿಗಳಿವೆ. ಸಸಿ ತರುವಾಗ ನರ್ಸರಿಯಲ್ಲೇ ಒಂದೆರಡು ಕಿತ್ತು ಬೇರು ನೋಡಬೇಕು. ಎಷ್ಟೋ ಸಲ ಹುಳು ಹೊಲಕ್ಕೆ ಬರೋದೇ ಸಸಿ ಜೊತೆ. ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣು ಬಿಸಿಲಿಗೆ ಬಿಡಬೇಕು. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ, ಪೊಕೋನಿಯಾದಂಥ ಶಿಲೀಂಧ್ರ ಬೆಳೆಸಿ ಹಾಕುವ ವಿಧಾನವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಡುತ್ತಾರೆ. ನಿರೋಧಕ ತಳಿಗಳೂ ಇವೆ, ಆದರೆ ಟೊಮೇಟೊದ ಆ ನಿರೋಧಕ ಜೀನ್ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಸೋಲುತ್ತೆ. ನಮ್ಮ ಕಡೆಯ ಏಪ್ರಿಲ್ ನೆನೆಸಿಕೊಳ್ಳಿ!

ಎಲ್ಲಕ್ಕಿಂತ ಮುಖ್ಯ, ಟೊಮೇಟೊ ಮೇಲೆ ಟೊಮೇಟೊ ಹಾಕಬಾರದು. ಬದನೆ, ಬೆಂಡೆ, ಸೌತೆ ಹಾಕಿದರೂ ಪ್ರಯೋಜನವಿಲ್ಲ, ಅವೂ ಈ ಹುಳುವಿಗೆ ಹಬ್ಬದೂಟವೇ. ಚೆಂಡು ಹೂ ಹಾಕಿದರೆ ಅದರ ಬೇರಿನ ರಸಾಯನವೇ ಹುಳುವನ್ನು ತಗ್ಗಿಸುತ್ತೆ.

ಇದನ್ನೆಲ್ಲ ಹೇಳಿದಾಗ ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ: "2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟ್ತಲ್ಲ, ಅಂಥ ಹೊತ್ತಲ್ಲಿ ನನ್ನ ಹೊಲದಲ್ಲಿ ಚೆಂಡು ಹೂ ಇದ್ದರೆ ಆ ದುಡ್ಡು ನೀನು ಕೊಡ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಳೆ ಬದಲಿಸಿ ಅನ್ನೋದು ಸುಲಭ, ಬದಲಿಸಿದವನ ನಷ್ಟಕ್ಕೆ ಯಾರೂ ಜೊತೆಗಿರಲ್ಲ. ನನಗನ್ನಿಸೋದು, ಈ ಹುಳುವನ್ನು ಸಾಕುತ್ತಿರೋದು ಮಣ್ಣಿಗಿಂತ ಹೆಚ್ಚಾಗಿ ಟೊಮೇಟೊ ಬೆಲೆಯ ಲಾಟರಿ. ಬರೀ ಸಲಹೆಯಿಂದ ಅದು ಸಾಯಲ್ಲ.

ಕೊನೆಗೆ ಅರ್ಧ ಎಕರೆಗೆ ಚೆಂಡು ಹೂ ಅಂತ ಒಪ್ಪಿದ್ದಾರೆ, ಸಸಿ ಖರ್ಚು ನನ್ನದು. ನನ್ನ ತಪ್ಪು ಸಲಹೆಗೆ ದಂಡ ಅಂತಲೇ ಇಟ್ಟುಕೊಳ್ಳಿ.

ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ತರಕಾರಿ ಬೆಳೆಯುತ್ತಾರೆ. ಈ ಭಾನುವಾರ ಫೋನ್ ಮಾಡಿದಾಗ ಹೇಳಿ, ಬೆಳೆ ಮುಗಿದ ಗಿಡಗಳಲ್ಲಿ ಹತ್ತನ್ನಾದರೂ ನಿಧಾನಕ್ಕೆ ಕಿತ್ತು ಬೇರು ನೋಡಲಿ. ಗಂಟು ಕಂಡರೆ ಮುಂದಿನ ಬೆಳೆ ಯಾವುದು ಅಂತ ಆಗಲೇ ಯೋಚಿಸಲಿ. ನಿಮ್ಮೂರಲ್ಲಿ ಬೇರೆ ಉಪಾಯ ಯಾರಾದರೂ ಮಾಡಿ ಗೆದ್ದಿದ್ದರೆ ದಯವಿಟ್ಟು ತಿಳಿಸಿ, ಚಿಕ್ಕಪ್ಪನಿಗೆ ಓದಿ ಹೇಳ್ತೀನಿ.