ಗದರಿಸುವ ಮುನ್ನ ನಿಬ್ಬು ನೋಡಿ

ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಒಮ್ಮೆ ಅವಳ ಉರ್ದು ನೋಟ್‌ಬುಕ್ ಹಿಡಿದುಕೊಂಡು ಬಂದರು. "ಮಾಸ್ತರೇ, ಹೊಸ ಪೆನ್ನು ಬಂದಾಗಿನಿಂದ ಇವಳ ಅಕ್ಷರ ಕೆಟ್ಟಿದೆ. ಸ್ವಲ್ಪ ಗದರಿಸಿ" ಎಂದರು. ಅಲಿಫ್ ಕಂಬದಂತೆ ದಪ್ಪ, ಬೇ ಅಕ್ಷರದ ಹೊಟ್ಟೆ ನೂಲಿನಂತೆ ತೆಳು. ನೋಡಿದವನೇ ಗದರಿಸಿಬಿಟ್ಟೆ. ಹುಡುಗಿ ತಲೆ ತಗ್ಗಿಸಿ ನಿಂತಳು.

ಅವರು ಹೋದ ಮೇಲೆ, ಮೇಜಿನ ಮೇಲೆ ಮರೆತುಹೋಗಿದ್ದ ಪೆನ್ನಿನ ಮುಚ್ಚಳ ತೆಗೆದೆ. ನಿಬ್ಬಿನ ತುದಿ ಗುಂಡಗಿರಲಿಲ್ಲ. ಉಳಿಯಂತೆ ಚಪ್ಪಟೆ, 1.1 ಮಿಲಿಮೀಟರ್ ಅಗಲ. ಮೂಲೆಗಳು ಚೂಪಾಗಿದ್ದರೆ ಇದನ್ನು ಇಟಾಲಿಕ್ ಎನ್ನುತ್ತಾರೆ, ಉಜ್ಜಿ ನಯ ಮಾಡಿದ್ದರೆ ಸ್ಟಬ್. ಬೇಗ ಬರೆಯುವವರಿಗೆ ಸ್ಟಬ್ ವಾಸಿ, ಕಾಗದ ಗೀರುವುದು ಕಡಿಮೆ. ಎರಡೂ ಇಂಗ್ಲಿಷ್ ಬರಹಕ್ಕೆ ಚೆಂದ. ಮೇಲಿಂದ ಕೆಳಗೆ ಎಳೆದರೆ ದಪ್ಪ, ಅಡ್ಡ ಎಳೆದರೆ ತೆಳು. ಉರ್ದುವಿನ ನಸ್ತಾಲೀಕ್‌ಗೆ ಬೇಕಾದುದು ಹೆಚ್ಚುಕಡಿಮೆ ಇದರ ತಿರುವುಮುರುವು!

ಮದ್ರಸದಲ್ಲಿ ಖುಷ್‌ಖತಿ ಕಲಿಯುವಾಗ ನಾವು ಬಿದಿರಿನ ಖಲಮಿನ ತುದಿಯನ್ನು ಓರೆಯಾಗಿ ಕತ್ತರಿಸುತ್ತಿದ್ದೆವು. ಏಕೆಂದು ಯಾರೂ ಹೇಳಿರಲಿಲ್ಲ, ನಾವು ಕೇಳಿರಲೂ ಇಲ್ಲ. ಹತ್ತನೇ ಶತಮಾನದ ಬಗ್ದಾದಿನ ಇಬ್ನ್ ಮುಖ್ಲಾ ಅಕ್ಷರಗಳನ್ನು ಅಳೆದದ್ದು ಚುಕ್ಕೆಗಳಿಂದ. ಆ ಚುಕ್ಕೆಯ ಗಾತ್ರ ನಿರ್ಧರಿಸುವುದು ಖಲಮಿನ ತುದಿಯೇ. ಇಷ್ಟೆಲ್ಲ ಓದಿಯೂ ನಾನು ದೂರಿದ್ದು ಹುಡುಗಿಯ ಕೈಯನ್ನು.

ಪೆನ್ನು ಕೊಳ್ಳುವ ಸಹೋದರಿಯರು ಅಂಗಡಿಯಲ್ಲೇ ಒಂದು ಕೂಡಿಸುವ ಚಿಹ್ನೆ ಬರೆದು ನೋಡಲಿ. ಕೈಯಲ್ಲಿ ಪೆನ್ನು ತಿರುಗಬಾರದು, ಒತ್ತಲೂ ಬಾರದು. ಎರಡು ಗೆರೆಯೂ ಸಮನಾಗಿದ್ದರೆ ಅದು ಸಾಮಾನ್ಯ ನಿಬ್ಬು. ನಿಂತ ಗೆರೆ ದಪ್ಪಗಿದ್ದರೆ ಸ್ಟಬ್ ಅಥವಾ ಇಟಾಲಿಕ್. ಅಡ್ಡಗೆರೆ ದಪ್ಪಗಿದ್ದರೆ ಅರಬಿಕ್ ನಿಬ್ಬು. ಆರ್ಕಿಟೆಕ್ಟ್ ನಿಬ್ಬು ಎಂದೂ ಕರೆಯುತ್ತಾರೆ. ಉರ್ದುವಿಗೆ ಒಪ್ಪುವುದು ಇದು. ಆದರೆ ಹೆಚ್ಚಾಗಿ ಇದನ್ನು ಬಲ್ಲವರು ಕೈಯಿಂದ ಉಜ್ಜಿಯೇ ಮಾಡಬೇಕು, ಬೆಲೆಯೂ ಜಾಸ್ತಿ. ಶಾಲೆಯ ಮಗುವಿಗೆ ಅದೇಕೆ? ಅಕ್ಷರ ತಿದ್ದಲು ಬಿದಿರಿನ ಖಲಮು ಸಾಕು, ಪಾಠ ಬರೆಯಲು ಗುಂಡು ನಿಬ್ಬು ಸಾಕು. ಕನ್ನಡಕ್ಕಂತೂ ಸಣ್ಣ ಗುಂಡು ನಿಬ್ಬೇ ಸರಿ; ಅಗಲ ನಿಬ್ಬಿನಲ್ಲಿ ಒತ್ತಕ್ಷರಗಳ ಒಳಸುತ್ತು ಮುಚ್ಚಿಹೋಗುತ್ತದೆ. ಚಿತ್ರ ಬಿಡಿಸುವ ಇಂಡಿಯನ್ ಇಂಕನ್ನು ಮಾತ್ರ ಯಾವ ಫೌಂಟನ್ ಪೆನ್ನಿಗೂ ಹಾಕಬೇಡಿ, ಒಳಗೇ ಗಟ್ಟಿಯಾಗಿ ಕೂರುತ್ತದೆ.

ಮರುದಿನ ಹುಡುಗಿಯನ್ನು ಕರೆದು, ನಿನ್ನ ಕೈಯಲ್ಲಿ ತಪ್ಪಿಲ್ಲಮ್ಮಾ, ನಾನೇ ನೋಡದೆ ಬೈದೆ ಎಂದೆ. ಹಳೆಯ ಖಲಮೊಂದನ್ನು ಕೊಟ್ಟು ಅಲಿಫ್, ಬೇ ಬರೆಸಿದೆ. ಬೇ ಹೊಟ್ಟೆ ತುಂಬಿಕೊಂಡು ಬಂತು. ಅವಳಿಗೆ ಮಾತ್ರ ಬೇರೆಯೇ ಚಿಂತೆ.

"ಹಾಗಾದರೆ ಈ ಪೆನ್ನಿನಲ್ಲಿ ಇಂಗ್ಲಿಷ್ ಬರೆಯಬಹುದಾ ಸರ್?"